ಮನ್‌ಸ್ಟರ್‌ನ ಎಂಟನೆಯ ಅಂಗಿ

2016ರ ಅಕ್ಟೋಬರ್ 22, ಶನಿವಾರ. ಐರ್ಲೆಂಡಿನ ಲಿಮರಿಕ್ ನಗರದ ಥಾಮಂಡ್ ಪಾರ್ಕ್ ಮೈದಾನಕ್ಕೆ ಇಳಿದ ಮನ್‌ಸ್ಟರ್ ರಗ್ಬಿ ತಂಡದಲ್ಲಿ ಎಂಟನೆಯ ನಂಬರಿನ ಅಂಗಿಯೇ ಇರಲಿಲ್ಲ. ರಗ್ಬಿಯಲ್ಲಿ ಅಂಗಿಯ ನಂಬರು ಆಟಗಾರನ ಇಷ್ಟಕ್ಕೆ ಬಿಟ್ಟದ್ದಲ್ಲ. ಒಂದರಿಂದ ಹದಿನೈದರವರೆಗೆ ಪ್ರತಿಯೊಂದು ನಂಬರಿಗೂ ಒಂದು ಜಾಗ, ಒಂದು ಕೆಲಸ ಗೊತ್ತುಮಾಡಿದೆ. ಆ ದಿನ ಎಂಟನೆಯವನ ಕೆಲಸ ಮಾಡಿದ ಸಿ.ಜೆ. ಸ್ಟಾಂಡರ್ ತೊಟ್ಟದ್ದು 24 ಎಂಬ ನಂಬರನ್ನು. ಹಿಂದಿನ ದಿನವಷ್ಟೇ ಶಾನನ್ ನದಿಯ ದಡದಲ್ಲಿರುವ ಕಿಲಲೂ ಎಂಬ ಪುಟ್ಟ ಊರಿನಲ್ಲಿ ತಂಡದ ಮುಖ್ಯ ತರಬೇತುದಾರ ಆಂಟನಿ ಫೋಲಿಯವರ ಅಂತ್ಯಕ್ರಿಯೆ ನಡೆದಿತ್ತು. ಸಾಯುವಾಗ ಅವರಿಗೆ 42 ವರ್ಷ. ಒಂದು ಕಾಲದಲ್ಲಿ ಎಂಟನೆಯ ಅಂಗಿ ಅವರದಾಗಿತ್ತು.

ಜಗತ್ತಿನ ಅತಿ ಶ್ರೇಷ್ಠ ರಗ್ಬಿ ಆಟಗಾರರ ಪಟ್ಟಿ ಮಾಡಿದರೆ ಫೋಲಿಯವರ ಹೆಸರು ಮೊದಲ ಸಾಲಿನಲ್ಲಿ ಬರುವುದು ಕಷ್ಟ. ಐರ್ಲೆಂಡ್ ಪರ 62 ಟೆಸ್ಟ್ ಪಂದ್ಯ ಆಡಿದವರು ನಿಜ. ಆದರೆ ಅದೇ ಕಾಲದಲ್ಲಿ ಅದೇ ತಂಡದಲ್ಲಿ ಅವರಿಗಿಂತ ಹೆಸರಾದವರು ಇದ್ದರು. ಹಾಗಿದ್ದೂ ಅವರ ಆಟದ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾದ ಕಾರಣವೊಂದಿದೆ. ನೂರು ವರ್ಷ ಕಾಲ ಹಣವನ್ನು ಬಾಗಿಲಾಚೆ ನಿಲ್ಲಿಸಿದ್ದ ಆಟವೊಂದು 1995ರಲ್ಲಿ ಆ ಬಾಗಿಲನ್ನು ಏಕಾಏಕಿ ತೆರೆಯಿತು. ಊರಿನ ಅಭಿಮಾನಕ್ಕಾಗಿ ಆಡುತ್ತಿದ್ದ ತಂಡಗಳು ಸಂಬಳದ ತಂಡಗಳಾದವು. ಹಾಗಾದಾಗ ಊರಿಗೂ ಆಟಗಾರನಿಗೂ ಇದ್ದ ನಂಟು ಏನಾಗುತ್ತದೆ? ಫೋಲಿ ಆ ಬಾಗಿಲಿನ ಹೊಸ್ತಿಲ ಮೇಲೇ ಆಟ ಶುರುಮಾಡಿದವರು. ಹವ್ಯಾಸಿ ಕಾಲದ ಕೊನೆಯ ಪಂದ್ಯಗಳನ್ನೂ ವೃತ್ತಿಪರ ಕಾಲದ ಮೊದಲ ಪಂದ್ಯಗಳನ್ನೂ ಒಂದೇ ವರ್ಷದಲ್ಲಿ ಆಡಿದವರು.

ಆಟದ ಬಗ್ಗೆ ಎರಡು ಮಾತು. ಹದಿನೈದು ಜನರ ರಗ್ಬಿಯಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಆದರೆ ಮುಂದಕ್ಕೆ ಎಸೆಯುವಂತಿಲ್ಲ. ಚೆಂಡು ಹಿಡಿದವನನ್ನು ಎದುರಾಳಿಗಳು ತಬ್ಬಿ ಕೆಡವುತ್ತಾರೆ. ಕಬಡ್ಡಿ ಬಲ್ಲವರಿಗೆ ಆ ಹಿಡಿತದ ರುಚಿ ಗೊತ್ತು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ‘ಟ್ರೈ’. ಈಗ ಅದಕ್ಕೆ 5 ಅಂಕ, ಹಿಂದೆ 4 ಇತ್ತು. ಕಂಬಗಳ ನಡುವೆ ಒದ್ದರೂ ಅಂಕ ಉಂಟು. ಎರಡೂ ಕಡೆಯ ಎಂಟೆಂಟು ಮಂದಿ ದಡೂತಿಗಳು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ತಳ್ಳುವ ‘ಸ್ಕ್ರಮ್’ ಎಂಬ ದೃಶ್ಯವನ್ನು ಚಿತ್ರದಲ್ಲಾದರೂ ಎಲ್ಲರೂ ನೋಡಿರುತ್ತಾರೆ. ಆ ಎಂಟರಲ್ಲಿ ಕಟ್ಟಕಡೆಯವನೇ ಎಂಟನೆಯ ನಂಬರಿನವನು. ಚೆಂಡು ಸ್ಕ್ರಮ್ಮಿನ ಕಾಲುಗಳ ನಡುವೆ ಉರುಳಿ ಕೊನೆಗೆ ಬರುವುದು ಅವನ ಪಾದಕ್ಕೆ. ಎತ್ತಿಕೊಂಡು ತಾನೇ ನುಗ್ಗಬೇಕೋ, ಹಿಂದಿನ ಓಟಗಾರರಿಗೆ ಕೊಡಬೇಕೋ, ಇನ್ನಷ್ಟು ಹೊತ್ತು ತಳ್ಳಿಸಬೇಕೋ ಎಂದು ಕ್ಷಣದಲ್ಲಿ ತೀರ್ಮಾನಿಸುವವನೂ ಅವನೇ. ಮುಂದಿನವರ ಬಲಕ್ಕೂ ಹಿಂದಿನವರ ಓಟಕ್ಕೂ ನಡುವಿನ ಕೊಂಡಿ.

ಈ ಆಟಕ್ಕೂ ನಮಗೂ ಏನು ಸಂಬಂಧ ಎನ್ನುವವರಿಗೆ ಒಂದು ಸಂಗತಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತಿರುವ ಬಹುಮಾನದ ಹೆಸರು ‘ಕಲ್ಕತ್ತಾ ಕಪ್’. ಕಲ್ಕತ್ತೆಯ ಬಿಳಿಯರ ಕ್ಲಬ್ಬೊಂದು ಮುಚ್ಚಿಹೋದಾಗ ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಬಟ್ಟಲು ಅದು. ಹಿಡಿಕೆಗಳು ನಾಗರಹಾವಿನ ಆಕಾರದಲ್ಲಿವೆ, ಮುಚ್ಚಳದ ಮೇಲೆ ಆನೆ ಕೂತಿದೆ. ಆಟ ಇಲ್ಲಿ ಬೇರೂರದಿದ್ದರೂ ನಮ್ಮ ಬೆಳ್ಳಿ ಅಲ್ಲಿ ಉಳಿಯಿತು.

ಐರ್ಲೆಂಡಿನ ಪ್ರಾಂತಗಳ ವಿಷಯ ಕೊಂಚ ವಿಚಿತ್ರ. ಅಲ್‌ಸ್ಟರ್, ಲೆನ್‌ಸ್ಟರ್, ಮನ್‌ಸ್ಟರ್, ಕಾನಾಕ್ಟ್ ಎಂದು ನಾಲ್ಕು ಪ್ರಾಂತಗಳಿವೆ. ಆದರೆ ಅವಕ್ಕೆ ಸರ್ಕಾರವಿಲ್ಲ, ಕಚೇರಿಯಿಲ್ಲ, ಕಂದಾಯವಿಲ್ಲ. ಹಳೆಯ ರಾಜ್ಯಗಳ ನೆನಪಾಗಿ ಉಳಿದ ಹೆಸರುಗಳು ಅವು. ಆಡಳಿತದಲ್ಲಿ ಕಾಣೆಯಾದ ಈ ಪ್ರಾಂತಗಳು ಆಟದ ಮೈದಾನದಲ್ಲಿ ಮಾತ್ರ ಜೀವಂತವಾಗಿವೆ. ದೇಶ ಎರಡು ಭಾಗವಾದ ಮೇಲೂ ರಗ್ಬಿಯಲ್ಲಿ ಐರ್ಲೆಂಡ್ ಒಂದೇ ತಂಡ. ಉತ್ತರ ಐರ್ಲೆಂಡಿನವರೂ ದಕ್ಷಿಣದವರೂ ಒಟ್ಟಿಗೇ ಆಡುತ್ತಾರೆ. ಮನ್‌ಸ್ಟರ್ ಎಂದರೆ ನೈಋತ್ಯದ ಆರು ಕೌಂಟಿಗಳು: ಕಾರ್ಕ್, ಕೆರಿ, ಲಿಮರಿಕ್, ಕ್ಲೇರ್, ಟಿಪ್ಪರರಿ, ವಾಟರ್‌ಫರ್ಡ್.

ಡಬ್ಲಿನ್ನಿನಲ್ಲಿ ರಗ್ಬಿ ಎಂದರೆ ಶುಲ್ಕ ಕಟ್ಟುವ ಶಾಲೆಗಳ ಆಟ. ವಕೀಲರ, ವೈದ್ಯರ, ಬ್ಯಾಂಕಿನವರ ಮಕ್ಕಳು ಆಡುವಂಥದು. ಹಳ್ಳಿಗಾಡಿನಲ್ಲಿ ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಎಂಬ ದೇಶೀ ಆಟಗಳದೇ ಆಳ್ವಿಕೆ. ಆ ಆಟಗಳ ಸಂಸ್ಥೆಯಂತೂ ರಗ್ಬಿ, ಕ್ರಿಕೆಟ್‌ನಂಥ ‘ಪರದೇಶಿ’ ಆಟ ಆಡಿದ ಸದಸ್ಯರನ್ನು 1971ರವರೆಗೂ ಹೊರಹಾಕುತ್ತಿತ್ತು. ಲಿಮರಿಕ್ ಈ ಎರಡೂ ಲೆಕ್ಕಕ್ಕೆ ಸಿಗದ ಊರು. ಅಲ್ಲಿ ಬಂದರಿನ ಹಮಾಲಿಗಳೂ ಕಾರ್ಖಾನೆಯ ಕೂಲಿಗಳೂ ವೈದ್ಯರ ಪಕ್ಕದಲ್ಲೇ ನಿಂತು ರಗ್ಬಿ ಆಡಿದರು. ಕ್ಲಬ್ಬುಗಳು ಹುಟ್ಟಿದ್ದೇ ಕೇರಿಗೊಂದರಂತೆ. ಗ್ಯಾರಿಓವನ್, ಯಂಗ್ ಮನ್‌ಸ್ಟರ್, ಶಾನನ್ ಇವುಗಳ ನಡುವಣ ಜಿದ್ದು ಮನೆಗಳೊಳಗೂ ನುಗ್ಗುವಂಥದು. ಚೆಂಡನ್ನು ಆಕಾಶಕ್ಕೆ ಒದ್ದು ಅದು ಕೆಳಗೆ ಬರುವಷ್ಟರಲ್ಲಿ ಇಡೀ ತಂಡ ಹೋಗಿ ಮೇಲೆ ಬೀಳುವ ತಂತ್ರಕ್ಕೆ ಜಗತ್ತಿನೆಲ್ಲೆಡೆ ‘ಗ್ಯಾರಿಓವನ್’ ಎಂದೇ ಹೆಸರು. ಸೊಗಸಿನ ಆಟವಲ್ಲ. ಆದರೆ ಊರಿಗೆ ಒಪ್ಪಿದ ಆಟ.

ಆಂಟನಿ ಫೋಲಿ ಲಿಮರಿಕ್‌ನಲ್ಲಿ ಹುಟ್ಟಿದ್ದು 1973ರ ಅಕ್ಟೋಬರ್ 30ರಂದು. ಐದು ವರ್ಷ ತುಂಬಿದ ಮಾರನೆಯ ದಿನ, 1978ರ ಅಕ್ಟೋಬರ್ 31ರ ಮಂಗಳವಾರ, ಅವರ ತಂದೆ ಬ್ರೆಂಡನ್ ಫೋಲಿ ಥಾಮಂಡ್ ಪಾರ್ಕ್‌ನಲ್ಲಿ ಮನ್‌ಸ್ಟರ್ ಪರವಾಗಿ ನ್ಯೂಜಿಲೆಂಡ್ ವಿರುದ್ಧ ಆಡಿದರು. ‘ಆಲ್ ಬ್ಲ್ಯಾಕ್ಸ್’ ಎಂದು ಕರೆಸಿಕೊಳ್ಳುವ ನ್ಯೂಜಿಲೆಂಡ್ ತಂಡವನ್ನು ಐರ್ಲೆಂಡಿನ ಯಾವ ತಂಡವೂ ಅದುವರೆಗೆ ಸೋಲಿಸಿರಲಿಲ್ಲ. ಮನ್‌ಸ್ಟರ್ ತಂಡವಾದರೋ ಕೆಲವೇ ವಾರಗಳ ಹಿಂದೆ ಲಂಡನ್ ಪ್ರವಾಸಕ್ಕೆ ಹೋಗಿ ಸೋತು ಬಂದಿತ್ತು. ಆಟಗಾರರೆಲ್ಲ ಹೊಟ್ಟೆಪಾಡಿಗೆ ಬೇರೆ ಬೇರೆ ಕೆಲಸ ಇದ್ದವರು. ಟಾಮ್ ಕೀರ್ನನ್ ತರಬೇತಿ ಕೊಟ್ಟ ಆ ತಂಡ ಅಂದು 12-0ರಿಂದ ಗೆದ್ದಿತು. ಕ್ರಿಸ್ಟಿ ಕ್ಯಾಂಟಿಲನ್ ಒಂದು ಟ್ರೈ ಗಳಿಸಿದರು, ಉಳಿದ 8 ಅಂಕ ಟೋನಿ ವಾರ್ಡ್ ಅವರ ಕಾಲಿನಿಂದ ಬಂದವು. ಆ ಪ್ರವಾಸದ 18 ಪಂದ್ಯಗಳಲ್ಲಿ ನ್ಯೂಜಿಲೆಂಡ್ ಸೋತದ್ದು ಅದೊಂದನ್ನೇ.

ಮೈದಾನದಲ್ಲಿ ಹಿಡಿಯುತ್ತಿದ್ದದ್ದು ಸುಮಾರು 12 ಸಾವಿರ ಜನ. ಆದರೆ ‘ನಾನು ಅಲ್ಲಿದ್ದೆ’ ಎನ್ನುವವರನ್ನು ಎಣಿಸಿದರೆ ಲಕ್ಷ ದಾಟುತ್ತದೆಂದು ಲಿಮರಿಕ್‌ನವರೇ ತಮಾಷೆ ಮಾಡುತ್ತಾರೆ. ಆ ದಿನದ ಇನ್ನೊಂದು ಮುಖವೂ ಇದೆ. ಮನ್‌ಸ್ಟರ್ ನಾಯಕ ಡೋನಲ್ ಕ್ಯಾನಿಫ್ ಅವರ ತಂದೆ ಅಂದೇ ಕುಸಿದು ಬಿದ್ದು ತೀರಿಕೊಂಡರು. ದೇಶದ ಇತಿಹಾಸದಲ್ಲೇ ಇಲ್ಲದ ಗೆಲುವು ಸಾಧಿಸಿ ಮೈದಾನದಿಂದ ಹೊರಬಂದ ಮಗನಿಗೆ ಸಿಕ್ಕ ಸುದ್ದಿ ಅದು. ಜಾನ್ ಬ್ರೀನ್ ಎಂಬ ನಾಟಕಕಾರರು ಈ ಪಂದ್ಯವನ್ನೇ ವಸ್ತುವಾಗಿಟ್ಟುಕೊಂಡು ಬರೆದ ನಾಟಕ ಐರ್ಲೆಂಡಿನಲ್ಲಿ ವರ್ಷಗಟ್ಟಲೆ ತುಂಬಿದ ಸಭೆಗಳಿಗೆ ನಡೆದಿದೆ. ಆಂಟನಿ ಬೆಳೆದದ್ದು ಇಂಥ ಕಥೆಯನ್ನು ಕೇಳುತ್ತಲ್ಲ, ಕಥೆಯ ಪಾತ್ರಧಾರಿಯ ಮನೆಯಲ್ಲೇ.

ಅಪ್ಪ ಆಡಿದ್ದ ಶಾನನ್ ಕ್ಲಬ್ಬಿಗೇ ಮಗನೂ ಸೇರಿದರು. ಅಕ್ಕ ರೋಸಿ ಫೋಲಿ ಮುಂದೆ ಐರ್ಲೆಂಡ್ ಮಹಿಳಾ ತಂಡದಲ್ಲಿ ಆಡಿದರು. ಹಾಲಿವುಡ್ ಚಿತ್ರವೊಂದರಲ್ಲಿ ಎಡ್ಡಿ ಮರ್ಫಿ ವಹಿಸಿದ್ದ ಆಕ್ಸೆಲ್ ಫೋಲಿ ಎಂಬ ಪತ್ತೇದಾರನ ಹೆಸರನ್ನು ಗೆಳೆಯರು ಆಂಟನಿಗೆ ಅಂಟಿಸಿದರು. ಊರು ಕೊನೆಯವರೆಗೂ ಅವರನ್ನು ‘ಆಕ್ಸೆಲ್’ ಎಂದೇ ಕರೆಯಿತು. 1995ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಐರ್ಲೆಂಡ್ ಪರ ಮೊದಲ ಟೆಸ್ಟ್ ಆಡಿದಾಗ ವಯಸ್ಸು 21. ಆ ಪಂದ್ಯದಲ್ಲಿ ಐರ್ಲೆಂಡ್ ಸೋತಿತು, ಫೋಲಿ ಮಾತ್ರ ಒಂದು ಟ್ರೈ ಗಳಿಸಿದರು. ಅದೇ ವರ್ಷ ಶಾನನ್ ಅಖಿಲ ಐರ್ಲೆಂಡ್ ಲೀಗ್ ಗೆದ್ದಿತು. ಬಳಿಕ ಸತತ ಮೂರು ವರ್ಷ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ. ಯಾರಿಗೂ ಸಂಬಳವಿಲ್ಲ. ಆಡಿದ್ದಕ್ಕೆ ದೇಶದ ತಂಡದವರಿಗೂ ಕಾಸು ಸಿಗುತ್ತಿರಲಿಲ್ಲ.

ಸಂಬಳ ಏಕಿಲ್ಲ? ಇದರ ಬೇರು 1895ಕ್ಕೆ ಹೋಗುತ್ತದೆ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳ ಕೆಲಸಗಾರರು ಶನಿವಾರ ಪಂದ್ಯ ಆಡಲು ಹೋದರೆ ಅರ್ಧ ದಿನದ ಕೂಲಿ ಖೋತಾ ಆಗುತ್ತಿತ್ತು. ಆ ನಷ್ಟವನ್ನಾದರೂ ತುಂಬಿಕೊಡೋಣ ಎಂದು ಅಲ್ಲಿನ ಕ್ಲಬ್ಬುಗಳು ಕೇಳಿದವು. ಲಂಡನ್ನಿನ ದೊಡ್ಡಮನುಷ್ಯರು ಒಪ್ಪಲಿಲ್ಲ. ಹಣ ಮುಟ್ಟಿದರೆ ಆಟ ಕೆಡುತ್ತದೆ ಎಂದರು. ಕೂಲಿಯ ಚಿಂತೆ ಇಲ್ಲದವರಿಗೆ ಹಾಗೆನ್ನುವುದು ಸುಲಭ. ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್ ಊರಿನ ಹೋಟೆಲೊಂದರಲ್ಲಿ ಸೇರಿ ಬೇರೆಯಾದವು. ಅದೇ ಮುಂದೆ ಹದಿಮೂರು ಜನರ ‘ರಗ್ಬಿ ಲೀಗ್’ ಎಂಬ ಬೇರೆಯೇ ಆಟವಾಯಿತು. ಅತ್ತ ಹೋಗಿ ಹಣ ಪಡೆದವನು ಹಳೆಯ ಆಟಕ್ಕೆ ಮೈಲಿಗೆಯಾದ, ಮತ್ತೆ ಒಳಗೆ ಬರುವಂತಿರಲಿಲ್ಲ.

ಈ ಮಡಿ ಸರಿಯಾಗಿ ನೂರು ವರ್ಷ ನಡೆಯಿತು. 1995ರ ಜೂನಿನಲ್ಲಿ ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್, ಆಸ್ಟ್ರೇಲಿಯ ಮೂರೂ ಸೇರಿ ರೂಪರ್ಟ್ ಮರ್ಡಾಕ್ ಅವರ ಕಂಪೆನಿಗೆ ಹತ್ತು ವರ್ಷದ ಟೆಲಿವಿಷನ್ ಹಕ್ಕನ್ನು ಸುಮಾರು 55 ಕೋಟಿ ಡಾಲರಿಗೆ ಮಾರಿದವು. ಅಷ್ಟು ಹಣ ಬಂದ ಮೇಲೆ ಆಟಗಾರರಿಗೆ ಬರಿಗೈ ತೋರಿಸುವುದು ಸಾಧ್ಯವಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಳಿ, ಇನ್ನು ಮುಂದೆ ಆಟ ಎಲ್ಲರಿಗೂ ‘ಮುಕ್ತ’ ಎಂದು ಘೋಷಿಸಿತು. ಐರ್ಲೆಂಡಿನ ಆಡಳಿತಗಾರರಿಗೆ ಇದು ಕಹಿ ಗುಳಿಗೆ. ಕೊನೆಯವರೆಗೂ ಬೇಡವೆಂದವರಲ್ಲಿ ಅವರೇ ಮುಂದಿದ್ದರು.

ನವೆಂಬರ್ 8ರಂದು ಥಾಮಂಡ್ ಪಾರ್ಕ್‌ನಲ್ಲಿ ವೇಲ್ಸಿನ ಸ್ವಾನ್ಸಿ ತಂಡದ ವಿರುದ್ಧ ಮನ್‌ಸ್ಟರ್ 17-13ರಿಂದ ಗೆದ್ದಿತು. ಆ ವರ್ಷ ಹೊಸದಾಗಿ ಶುರುವಾದ ಹೈನೆಕೆನ್ ಕಪ್ ಎಂಬ ಯೂರೋಪಿಯನ್ ಪಂದ್ಯಾವಳಿಯಲ್ಲಿ ಮನ್‌ಸ್ಟರ್‌ಗೆ ಅದು ಮೊದಲ ಪಂದ್ಯ. ಇಂಗ್ಲೆಂಡಾಗಲಿ ಸ್ಕಾಟ್ಲೆಂಡಾಗಲಿ ಇಲ್ಲದ, ಹನ್ನೆರಡೇ ತಂಡಗಳ ಪಂದ್ಯಾವಳಿ. ಮುಂದೆ ಅದು ಏನಾದೀತೆಂದು ಯಾರೂ ಊಹಿಸಿರಲಿಲ್ಲ. ಆ ದಿನ ಆಡಿದವರಲ್ಲಿ ಫೋಲಿಯೂ ಒಬ್ಬರು.

ಹಣ ಬಂದಾಗ ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಇಂಗ್ಲೆಂಡಿನಲ್ಲಿ ಸಿರಿವಂತರು ಕ್ಲಬ್ಬುಗಳನ್ನೇ ಕೊಂಡರು. ನ್ಯೂಕ್ಯಾಸಲ್ ಕ್ಲಬ್ಬನ್ನು ಕೊಂಡ ಸರ್ ಜಾನ್ ಹಾಲ್ ಕೈಬಿಚ್ಚಿ ಹಣ ಚೆಲ್ಲಿ ಹೆಸರಾಂತ ಆಟಗಾರರನ್ನು ತಂದರು. ವೇಲ್ಸ್ ಮೊದಲು ಹಳೆಯ ಕ್ಲಬ್ಬುಗಳನ್ನೇ ನಂಬಿ ಸಾಲದಲ್ಲಿ ಮುಳುಗಿತು. 2003ರಲ್ಲಿ ಕ್ಲಬ್ಬುಗಳನ್ನು ಜೋಡಿಸಿ ಐದು ‘ಪ್ರದೇಶ’ಗಳನ್ನು ಕಾಗದದ ಮೇಲೆ ಸೃಷ್ಟಿಸಿತು. ಅಜ್ಜನ ಕಾಲದಿಂದ ಬದ್ಧವೈರಿಗಳಾಗಿದ್ದ ಎರಡು ಊರುಗಳಿಗೆ ಒಂದೇ ಅಂಗಿ ತೊಡಿಸಿದರೆ ಅಭಿಮಾನ ಎಲ್ಲಿಂದ ಬರಬೇಕು? ಒಂದು ತಂಡವಂತೂ ಒಂದೇ ವರ್ಷದಲ್ಲಿ ಬಾಗಿಲು ಹಾಕಿತು. ಐರ್ಲೆಂಡಿನ ಬಳಿ ಮಾತ್ರ ಆಡಳಿತಕ್ಕೆ ಬೇಡವಾದ, ಜನರ ಮನಸ್ಸಿನಲ್ಲಿ ಉಳಿದಿದ್ದ ನಾಲ್ಕು ಪ್ರಾಂತಗಳಿದ್ದವು. ಅವೇ ವೃತ್ತಿಪರ ತಂಡಗಳಾದವು. ವರ್ಷಕ್ಕೆ ಬೆರಳೆಣಿಕೆಯ ಪಂದ್ಯ ಆಡುತ್ತಿದ್ದ ತಂಡಗಳಿಗೆ ಪೂರ್ತಿ ಋತು ಸಿಕ್ಕಿತು. ಇದು ದೂರದೃಷ್ಟಿಯೆಂದು ಈಗ ಹೊಗಳುವವರುಂಟು. ಬೇರೆ ದಾರಿ ಇರಲಿಲ್ಲ, ಇದ್ದದ್ದೇ ಒಳ್ಳೆಯದಾಯಿತು ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ.

ಮೊದಲ ವರ್ಷಗಳು ಅರೆಬರೆ. ಇಂಗ್ಲೆಂಡಿನ ಕ್ಲಬ್ಬುಗಳು ಹೆಚ್ಚು ಹಣ ಕೊಡುತ್ತಿದ್ದುದರಿಂದ ಐರ್ಲೆಂಡಿನ ಒಳ್ಳೊಳ್ಳೆಯ ಆಟಗಾರರು ಕಡಲು ದಾಟಿದರು. ಲಿಮರಿಕ್‌ನ ಸೇಂಟ್ ಮನ್‌ಚಿನ್ಸ್ ಶಾಲೆಯಲ್ಲೇ ಫೋಲಿಯವರಂತೆ ಓದಿದ್ದ ಕೀತ್ ವುಡ್ ಲಂಡನ್ನಿನ ಹಾರ್ಲೆಕ್ವಿನ್ಸ್‌ಗೆ ಹೋದರು. ಹೋದವರನ್ನು ದೂರುವಂತಿಲ್ಲ, ಆಟಗಾರನ ಮೈಗೆ ಹತ್ತು ಹನ್ನೆರಡು ವರ್ಷದ ಆಯಸ್ಸು ಅಷ್ಟೇ. ಫೋಲಿ ಹೋಗಲಿಲ್ಲ. ಐರ್ಲೆಂಡ್ ಒಕ್ಕೂಟ ಕ್ರಮೇಣ ಜಾಣವಾಯಿತು. ಮುಖ್ಯ ಆಟಗಾರರೊಂದಿಗೆ ತಾನೇ ಒಪ್ಪಂದ ಮಾಡಿಕೊಂಡು ಸಂಬಳ ಕೊಟ್ಟಿತು, ಯಾರು ಎಷ್ಟು ಪಂದ್ಯ ಆಡಬೇಕು, ಯಾವಾಗ ವಿಶ್ರಾಂತಿ ಪಡೆಯಬೇಕು ಎಂಬ ಹತೋಟಿ ಇಟ್ಟುಕೊಂಡಿತು. 2002ರಲ್ಲಿ ಸರ್ಕಾರವೂ ಕೈಜೋಡಿಸಿತು. ಐರ್ಲೆಂಡಿನಲ್ಲೇ ವಾಸವಿದ್ದು ನಿವೃತ್ತನಾಗುವ ಆಟಗಾರ ತನ್ನ ಹತ್ತು ವರ್ಷಗಳ ಆಟದ ಗಳಿಕೆಯಲ್ಲಿ ಶೇ 40ರಷ್ಟಕ್ಕೆ ಕಟ್ಟಿದ ತೆರಿಗೆಯನ್ನು ವಾಪಸು ಪಡೆಯಬಹುದೆಂಬ ಕಾನೂನು ಬಂತು. ಊರಿನ ಪ್ರೀತಿಯ ಬಗ್ಗೆ ಹಾಡು ಕಟ್ಟುವವರು ಈ ತೆರಿಗೆಯ ಮಾತು ಎತ್ತುವುದು ಕಡಿಮೆ. ಪ್ರೀತಿಗೂ ಒಂದು ಊರುಗೋಲು ಬೇಕಾಗುತ್ತದೆ.

1997ರಲ್ಲಿ ಡೆಕ್ಲನ್ ಕಿಡ್ನಿ ಎಂಬ ಕಾರ್ಕ್ ನಗರದ ಶಾಲಾ ಮೇಷ್ಟರು ಮನ್‌ಸ್ಟರ್ ತರಬೇತುದಾರರಾಗಿ ಬಂದರು. ಗೋಲಿಗೆ ಒದೆಯಲು ರೊನಾನ್ ಒಗಾರಾ, ಸ್ಕ್ರಮ್ಮಿನಿಂದ ಚೆಂಡು ತೆಗೆಯಲು ಕುಳ್ಳ ಪೀಟರ್ ಸ್ಟ್ರಿಂಗರ್, ನಾಯಕರಾಗಿ ಕೆರಿಯ ಮಿಕ್ ಗಾಲ್ವಿ. ನಡುವೆ ಎಂಟನೆಯ ಜಾಗದಲ್ಲಿ ಫೋಲಿ. ಅವರೇನೂ ಓಟದಲ್ಲಿ ಚುರುಕಲ್ಲ. ಹೊಸ ಕಾಲದ ವ್ಯಾಯಾಮಶಾಲೆಗಳಲ್ಲಿ ಎರಕ ಹೊಯ್ದಂಥ ಮೈಯೂ ಅಲ್ಲ. ಚೆಂಡು ಮುಂದೆ ಎಲ್ಲಿ ಬೀಳುತ್ತದೆಂದು ಇತರರಿಗಿಂತ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು, ಓಡುವ ಮೊದಲೇ ಅಲ್ಲಿರುತ್ತಿದ್ದರು. ಅಂಕಿಅಂಶಗಳಲ್ಲಿ ಕಾಣದ ವಿದ್ಯೆ ಇದು. ಕಾಣುವಂಥದೂ ಒಂದಿದೆ: 2001ರ ಜನವರಿಯಲ್ಲಿ ಫ್ರಾನ್ಸಿನ ಬಿಯಾರಿಟ್ಜ್ ವಿರುದ್ಧ ಹೈನೆಕೆನ್ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಅವರು ಒಂದೇ ಪಂದ್ಯದಲ್ಲಿ ಮೂರು ಟ್ರೈ ಗಳಿಸಿದರು. ತಳ್ಳುವ, ಕೆಡವುವ ಕೆಲಸದವನಿಗೆ ಇದು ಬಲು ಅಪರೂಪ.

ಆದರೆ ಮನ್‌ಸ್ಟರ್ ಜನರನ್ನು ಹಿಡಿದಿಟ್ಟದ್ದು ಗೆಲುವುಗಳಲ್ಲ, ಸೋಲುಗಳು. 2000ದ ಫೈನಲ್‌ನಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಎದುರು 8-9. ಕೊನೆಗಳಿಗೆಯಲ್ಲಿ ಒಗಾರಾ ಒದ್ದ ಚೆಂಡು ಕಂಬದ ಪಕ್ಕದಲ್ಲಿ ಹೋಯಿತು. 2002ರ ಫೈನಲ್‌ನಲ್ಲಿ ಲೆಸ್ಟರ್ ಎದುರು 9-15. ಪಂದ್ಯದ ಕೊನೆಯಲ್ಲಿ ಎದುರಾಳಿಯ ಗೆರೆಯಿಂದ ಐದೇ ಮೀಟರ್ ದೂರದಲ್ಲಿ ಮನ್‌ಸ್ಟರ್‌ಗೆ ಸ್ಕ್ರಮ್ ಸಿಕ್ಕಿತ್ತು. ಸ್ಟ್ರಿಂಗರ್ ಚೆಂಡನ್ನು ಒಳಗೆ ಹಾಕಲು ಬಗ್ಗಿದಾಗ ಲೆಸ್ಟರ್‌ನ ನೀಲ್ ಬ್ಯಾಕ್ ಅದನ್ನು ಕೈಯಿಂದ ತಟ್ಟಿ ತನ್ನ ಕಡೆಗೆ ಹಾಕಿಕೊಂಡರು. ಇಡೀ ಯೂರೋಪು ಟೆಲಿವಿಷನ್‌ನಲ್ಲಿ ನೋಡಿದ್ದನ್ನು ರೆಫರಿ ನೋಡಲಿಲ್ಲ. ಮನೆಮಾತಾಗಲು ಇಷ್ಟು ಸಾಕು.

ಮರುವರ್ಷ, 2003ರ ಜನವರಿಯಲ್ಲಿ, ಗ್ಲಾಸ್ಟರ್ ತಂಡ ಥಾಮಂಡ್ ಪಾರ್ಕ್‌ಗೆ ಬಂತು. ಮುಂದಿನ ಹಂತಕ್ಕೆ ಹೋಗಲು ಮನ್‌ಸ್ಟರ್ ಕನಿಷ್ಠ 27 ಅಂಕಗಳ ಅಂತರದಿಂದ ಗೆಲ್ಲಬೇಕು, ನಾಲ್ಕು ಟ್ರೈಗಳನ್ನೂ ಗಳಿಸಬೇಕು. ಅಂಥ ಲೆಕ್ಕ ಹಾಕುವುದೇ ಮರ್ಯಾದೆಗೇಡು ಎನ್ನುವಂಥ ಪರಿಸ್ಥಿತಿ. ಕೊನೆಯ ಟ್ರೈ, ಅದರ ಬೆನ್ನಿಗೆ ಒಗಾರಾ ಅವರ ಒದೆತ ಸೇರಿ ಆದ ಮೊತ್ತ 33-6. ಅಂತರ ಸರಿಯಾಗಿ 27. ಆ ಮೈದಾನದ ಒಂದು ಪದ್ಧತಿ ಇಲ್ಲಿ ಹೇಳಬೇಕು. ಅಂಕಕ್ಕಾಗಿ ಯಾರು ಒದೆಯಲು ನಿಂತರೂ, ಎದುರಾಳಿಯೇ ಆದರೂ, ಥಾಮಂಡ್ ಪಾರ್ಕ್ ಪೂರ್ತಿ ಮೌನವಾಗುತ್ತದೆ. ಸೌಜನ್ಯವೆಂದು ಅಲ್ಲಿಯವರು ಹೇಳುತ್ತಾರೆ. ಒದೆಯಬೇಕಾದ ಪರ ಊರಿನವನಿಗೆ ಆ ಮೌನದಷ್ಟು ಹೆದರಿಕೆಯದು ಬೇರೊಂದಿರಲಾರದು. 1995ರಿಂದ 2007ರ ಜನವರಿಯವರೆಗೆ ಆ ಮೈದಾನದಲ್ಲಿ ಹೈನೆಕೆನ್ ಕಪ್ ಪಂದ್ಯವೊಂದನ್ನೂ ಮನ್‌ಸ್ಟರ್ ಸೋಲಲಿಲ್ಲ.

2006ರ ಹೊತ್ತಿಗೆ ಫೋಲಿಯವರೇ ನಾಯಕ. ಏಪ್ರಿಲ್ 23ರ ಸೆಮಿಫೈನಲ್ ಡಬ್ಲಿನ್ನಿನಲ್ಲಿ, ಲೆನ್‌ಸ್ಟರ್ ವಿರುದ್ಧ. ರಾಜಧಾನಿಯ ತಂಡವನ್ನು ಅದರದೇ ಊರಿನಲ್ಲಿ 30-6ರಿಂದ ಮಣಿಸಿದಾಗ ಗ್ಯಾಲರಿಗಳ ಮುಕ್ಕಾಲು ಪಾಲು ಮನ್‌ಸ್ಟರ್‌ನ ಕೆಂಪು ಬಣ್ಣದಲ್ಲಿದ್ದಂತಿತ್ತು. ಮೇ 20ರಂದು ವೇಲ್ಸಿನ ಕಾರ್ಡಿಫ್‌ನಲ್ಲಿ ಫೈನಲ್. ಎದುರಾಳಿ ಮತ್ತೆ ಬಿಯಾರಿಟ್ಜ್. ಸುಮಾರು 74 ಸಾವಿರ ಜನ ತುಂಬಿದ್ದರು. ಎಂದೂ ತಾನೇ ಚೆಂಡು ಹೊತ್ತು ಓಡದ ಸ್ಟ್ರಿಂಗರ್ ಅಂದು ಸ್ಕ್ರಮ್ಮಿನ ಪಕ್ಕದ ಸಂದಿಯಲ್ಲಿ ನುಸುಳಿ ಟ್ರೈ ಗಳಿಸಿದರು. ಪಂದ್ಯದ ನಡುವೆ ಮೈದಾನದ ದೊಡ್ಡ ಪರದೆಯಲ್ಲಿ ಲಿಮರಿಕ್‌ನ ಓಕಾನೆಲ್ ಬೀದಿಯ ದೃಶ್ಯ ಮೂಡಿತು: ಕಡಲಾಚೆ ಟಿಕೆಟ್ಟು ಸಿಗದ ಸಾವಿರಾರು ಮಂದಿ ಬೀದಿಯಲ್ಲೇ ನಿಂತು ಪಂದ್ಯ ನೋಡುತ್ತಿದ್ದರು. ಆಟಗಾರರು ತಲೆಯೆತ್ತಿ ತಮ್ಮ ಬೀದಿಯನ್ನು ಕಂಡರು. 23-19. ಹನ್ನೊಂದು ವರ್ಷಗಳ ಹಿಂದೆ ಸ್ವಾನ್ಸಿ ವಿರುದ್ಧ ಆಡಿದ್ದ ಹುಡುಗ ಕಪ್ಪನ್ನು ಎತ್ತಿಹಿಡಿದರು.

ಹಾಗಾದರೆ ಅದು ಊರಿನ ತಂಡವೇ? ಪೂರ್ತಿ ಅಲ್ಲ. ಫೈನಲ್‌ನ ಇನ್ನೊಂದು ಟ್ರೈ ಗಳಿಸಿದ ಟ್ರೆವರ್ ಹಾಲ್‌ಸ್ಟೆಡ್ ದಕ್ಷಿಣ ಆಫ್ರಿಕದವರು. ಅದಕ್ಕೆ ಮೊದಲು ಆಸ್ಟ್ರೇಲಿಯದ ಜಾನ್ ಲ್ಯಾಂಗ್‌ಫರ್ಡ್, ಜಿಮ್ ವಿಲಿಯಮ್ಸ್ ಬಂದಿದ್ದರು. ವಿಲಿಯಮ್ಸ್ ನಾಯಕರೂ ಆಗಿದ್ದರು. ಹೊರಗಿನಿಂದ ಬಂದವರನ್ನು ಊರು ತನ್ನವರೆಂದು ಒಪ್ಪಿಕೊಂಡಿತು. ಒಪ್ಪಿಕೊಳ್ಳಲು ಫೋಲಿಯಂಥವರ ದೊಡ್ಡ ಗುಂಪೊಂದು ನಡುವೆ ಇತ್ತೆಂಬುದನ್ನೂ ಮರೆಯಬಾರದು. ಬೆಲೆ ತೆತ್ತವರೂ ಇದ್ದಾರೆ. ಪ್ರಾಂತಗಳು ಬೆಳೆದಂತೆ ಕ್ಲಬ್ಬುಗಳು ಸೊರಗಿದವು. ತೊಂಬತ್ತರ ದಶಕದಲ್ಲಿ ಶಾನನ್-ಗ್ಯಾರಿಓವನ್ ಪಂದ್ಯಕ್ಕೆ ಸೇರುತ್ತಿದ್ದ ಜನಸ್ತೋಮ ಮತ್ತೆ ಸೇರಲಿಲ್ಲ. ವೃತ್ತಿಪರನಾದ ಆಟಗಾರ ತನ್ನ ಕ್ಲಬ್ಬಿಗೆ ಆಡುವುದೇ ಅಪರೂಪವಾಯಿತು. ಫೋಲಿಯವರನ್ನು ರೂಪಿಸಿದ ಗರಡಿಯನ್ನು ಫೋಲಿಯವರ ಯಶಸ್ಸೇ ಖಾಲಿ ಮಾಡಿತು. ಬಡ ಪಶ್ಚಿಮದ ಕಾನಾಕ್ಟ್ ಪ್ರಾಂತದ ವೃತ್ತಿಪರ ತಂಡವನ್ನಂತೂ ಖರ್ಚು ಉಳಿಸಲು ಮುಚ್ಚಿಬಿಡೋಣವೆಂದು 2003ರ ಆರಂಭದಲ್ಲಿ ಒಕ್ಕೂಟ ಯೋಚಿಸಿತ್ತು. ಜನ ಡಬ್ಲಿನ್ನಿನ ಬೀದಿಗಿಳಿದು ಮೆರವಣಿಗೆ ಮಾಡಿದ ಮೇಲೆ ಅದು ಉಳಿಯಿತು.

2008ರಲ್ಲಿ ಮನ್‌ಸ್ಟರ್ ತುಲೂಸ್ ತಂಡವನ್ನು ಸೋಲಿಸಿ ಎರಡನೆಯ ಸಲ ಕಪ್ ಗೆದ್ದಾಗ ನಾಯಕ ಪಾಲ್ ಓಕಾನೆಲ್. ಫೋಲಿ ಆ ದಿನದ ಹದಿನೈದರಲ್ಲಿ ಇರಲಿಲ್ಲ, ಆ ಋತುವಿನ ಕೊನೆಗೆ ನಿವೃತ್ತರಾದರು. ಇನ್ನೂರಕ್ಕೂ ಹೆಚ್ಚು ಪಂದ್ಯಗಳನ್ನು ಒಂದೇ ಪ್ರಾಂತಕ್ಕೆ ಆಡಿದ್ದರು. ಥಾಮಂಡ್ ಪಾರ್ಕ್ ಹಿಂದಿಗಿಂತ ಎರಡು ಪಟ್ಟು ದೊಡ್ಡದಾಗಿ, ಸುಮಾರು 26 ಸಾವಿರ ಜನ ಹಿಡಿಸುವಂತೆ, ಅದೇ ವರ್ಷ ಮತ್ತೆ ತೆರೆಯಿತು. ಅದರ ಸಾಲವೂ ಐರ್ಲೆಂಡಿನ ಆರ್ಥಿಕ ಕುಸಿತವೂ ಜತೆಯಾಗಿಯೇ ಬಂದವು.

ತರಬೇತುದಾರರಾಗಿ ಫೋಲಿ ಮರಳಿ ಬಂದದ್ದು ಈ ಹಿನ್ನೆಲೆಯಲ್ಲಿ. 2011ರಲ್ಲಿ ಸ್ಕ್ರಮ್ ಆಡುವವರ ತರಬೇತುದಾರ, 2014ರಲ್ಲಿ ಮುಖ್ಯಸ್ಥ. ಅವರ ಸಹಾಯಕರೆಲ್ಲ ಮನ್‌ಸ್ಟರ್‌ನವರೇ; ಊರಿನ ತಂಡವನ್ನು ಊರಿನವರೇ ನಡೆಸುವ ಕನಸು ಕೈಗೂಡಿದಂತಿತ್ತು. ಆದರೆ ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಹಣದ ಹೊಳೆ ಹರಿಯುತ್ತಿತ್ತು. ಹಳೆಯ ಹುಲಿಗಳು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದರು. ಎರಡು ವರ್ಷ ಸತತವಾಗಿ ಯೂರೋಪಿನ ಮೊದಲ ಸುತ್ತು ದಾಟಲಾಗಲಿಲ್ಲ. ಕುರ್ಚಿಗಳು ಖಾಲಿ ಬೀಳತೊಡಗಿದವು. ಒಮ್ಮೆ ಮುಚ್ಚಲು ಹೊರಟಿದ್ದ ಕಾನಾಕ್ಟ್ ತಂಡವೇ 2016ರ ಮೇ ತಿಂಗಳಲ್ಲಿ ಲೀಗ್ ಪ್ರಶಸ್ತಿ ಗೆದ್ದಿತು, ಮನ್‌ಸ್ಟರ್ ಆರನೆಯದಾಗಿತ್ತು.

ಹವ್ಯಾಸಿ ಕಾಲವಾಗಿದ್ದರೆ ಸೋತ ತಂಡದ ಗುರುವಿನ ಬೆನ್ನು ತಟ್ಟಿ ಜನ ಮನೆಗೆ ಹೋಗುತ್ತಿದ್ದರು. ಈಗ ಅದು ಸಂಬಳದ ಕೆಲಸ. ಸೋಲು ಎಂದರೆ ನೌಕರಿಯ ಪ್ರಶ್ನೆ. ಪತ್ರಿಕೆಗಳಲ್ಲಿ ಟೀಕೆ, ಗ್ಯಾಲರಿಯಲ್ಲಿ ಗೊಣಗಾಟ. ಪರ ಊರಿನ ತರಬೇತುದಾರನಾದರೆ ಪೆಟ್ಟಿಗೆ ಕಟ್ಟಿ ಹೊರಡಬಹುದು. ಕಿಲಲೂವಿನಲ್ಲೇ ಮನೆ ಮಾಡಿಕೊಂಡವನಿಗೆ ಹೋಗಲು ಬೇರೆ ಊರಿಲ್ಲ. 2016ರ ಬೇಸಿಗೆಯಲ್ಲಿ ಒಕ್ಕೂಟ ಅವರ ಮೇಲೆ ನಿರ್ದೇಶಕರೆಂದು ದಕ್ಷಿಣ ಆಫ್ರಿಕದ ರಾಸಿ ಎರಾಸ್ಮಸ್ ಅವರನ್ನು ತಂದಿತು. ಇವರೇ ಮುಂದೆ ತಮ್ಮ ದೇಶಕ್ಕೆ 2019, 2023ರ ವಿಶ್ವಕಪ್ ಗೆಲ್ಲಿಸಿಕೊಟ್ಟವರು. ಒಂದು ಮೆಟ್ಟಿಲು ಕೆಳಗಿಳಿದ ಫೋಲಿ ಹುದ್ದೆ ಬಿಟ್ಟು ಹೋಗಲಿಲ್ಲ. ಎರಾಸ್ಮಸ್ ಜತೆಯಲ್ಲೇ ಕೆಲಸ ಮಾಡಿದರು.

ಅಕ್ಟೋಬರ್ 16ರ ಭಾನುವಾರ ಪ್ಯಾರಿಸ್ಸಿನಲ್ಲಿ ರೇಸಿಂಗ್ 92 ತಂಡದ ವಿರುದ್ಧ ಪಂದ್ಯವಿತ್ತು. ಬೆಳಗ್ಗೆ ಫೋಲಿ ಹೋಟೆಲಿನ ಕೋಣೆಯಿಂದ ಹೊರಬರಲಿಲ್ಲ. ಹೃದಯದ ತೊಂದರೆಯಿಂದ ಶ್ವಾಸಕೋಶದಲ್ಲಿ ನೀರು ತುಂಬಿ ನಿದ್ದೆಯಲ್ಲೇ ತೀರಿಕೊಂಡಿದ್ದರು. ಪಂದ್ಯವನ್ನು ಮುಂದೂಡಲಾಯಿತು. ಟಿಕೆಟ್ಟು ಹಿಡಿದು ಬಂದಿದ್ದ ಮನ್‌ಸ್ಟರ್‌ನವರು ಮೈದಾನದ ಹೊರಗೆ ನಿಂತು ಹಾಡಿದರು. ಆರು ದಿನಗಳ ನಂತರ ಎಂಟನೆಯ ಅಂಗಿಯಿಲ್ಲದ ತಂಡ ಗ್ಲಾಸ್ಗೊ ವಿರುದ್ಧ ಆಡಿತು. ಕೀತ್ ಅರ್ಲ್ಸ್ ಎಂಬ ಲಿಮರಿಕ್ ಹುಡುಗ ಆಟದ ಆರಂಭದಲ್ಲೇ ಕೆಂಪು ಚೀಟಿ ಪಡೆದು ಹೊರನಡೆದರೂ ಉಳಿದ ಹದಿನಾಲ್ಕು ಮಂದಿ 38-17ರಿಂದ ಗೆದ್ದರು.

ಮೂರು ವಾರ ಕಳೆದು ನವೆಂಬರ್ 11ರಂದು ನ್ಯೂಜಿಲೆಂಡಿನ ಮಾವೊರಿ ಆಟಗಾರರ ತಂಡ ಥಾಮಂಡ್ ಪಾರ್ಕ್‌ಗೆ ಬಂತು. ಪಂದ್ಯಕ್ಕೆ ಮುಂಚೆ ಅವರು ತಮ್ಮ ಪೂರ್ವಜರ ಹಾಕಾ ನೃತ್ಯ ಮಾಡುವುದು ವಾಡಿಕೆ. ಅಂದು ನೃತ್ಯಕ್ಕೆ ಮೊದಲು ನಾಯಕ ಆಶ್ ಡಿಕ್ಸನ್ ಒಂದು ಕಪ್ಪು ಅಂಗಿಯನ್ನು ಮಡಿಸಿಕೊಂಡು ತಂದು ಮೈದಾನದ ನಡುಗೆರೆಯ ಮೇಲೆ ಇಟ್ಟರು. ಅದರ ಮೇಲೆ ಫೋಲಿಯವರ ಹೆಸರಿನ ಮೊದಲಕ್ಷರಗಳಿದ್ದವು. 1978ರಲ್ಲಿ ಬ್ರೆಂಡನ್ ಫೋಲಿ ನ್ಯೂಜಿಲೆಂಡಿನವರನ್ನು ತಡೆದು ನಿಲ್ಲಿಸಿದ್ದ ಅದೇ ನೆಲ. ಹಾಕಾ ಮುಗಿದ ಮೇಲೆ ಡಿಕ್ಸನ್ ಆ ಅಂಗಿಯನ್ನು ಎತ್ತಿಕೊಂಡು ಅಂಚಿನಲ್ಲಿ ನಿಂತಿದ್ದ ಫೋಲಿಯವರ ಇಬ್ಬರು ಗಂಡುಮಕ್ಕಳ ಕೈಗೆ ಕೊಟ್ಟರು.